ನಸುನಗೆಯಿಂದ ದಟ್ಟಡಿಯವರೆಗೆ

ಹೊಸ ಮನೆಯ ಹರ್ಷವು ಒಕ್ಕಲಾದ ಕೆಲವು ದಿನಗಳಲ್ಲಿ ತಗ್ಗುವುದು. ಕೂಸಿನ ಹರ್ಷವಾದರೋ ಬಿದಿಗೆಯ ಚಂದ್ರನಂತೆ ದಿನದಿನಕ್ಕೂ ಏರುವುದು. ಶಾಲೆಯ ಸ್ಮರಣ ಸಂಚಿಕೆಯಲ್ಲಿ ತೊಟ್ಟಿಲ ಮಾತೇಕೆಂದು ಕೆಲವರು ಕೇಳಬಹುದು. ಒಂದನೆಯ ತರಗತಿಗೆ ಬರುವ ಮಗುವು ನೋಡುವ, ಕೇಳುವ, ನಡೆಯುವ, ನುಡಿಯುವ ವಿದ್ಯೆಗಳನ್ನು ಅದಾಗಲೇ ಕಲಿತು ಬಂದಿರುತ್ತದೆ. ಆ ಮೊದಲ ಪಾಠಶಾಲೆ ಮನೆಯೇ ಆದುದರಿಂದ ಅದರ ವಿಚಾರವು ಶಿಕ್ಷಕರಿಗೂ ಸಲ್ಲುವಂಥದು.

ಈ ಬೆಳವಣಿಗೆಯ ಮೆಟ್ಟಿಲುಗಳಿಗೆ ಕನ್ನಡದಲ್ಲಿ ಸೊಗಸಾದ ಹೆಸರುಗಳಿವೆ. ಎರಡನೆಯ ತಿಂಗಳ ಸುಮಾರಿಗೆ ನಸುನಗೆ. ಬಳಿಕ ಕತ್ತು ನಿಲ್ಲುವುದು, ಬೋರಲು ಬೀಳುವುದು. ಅರ್ಧ ವರ್ಷದ ಆಚೀಚೆ ಕುಳಿತುಕೊಳ್ಳುವುದು. ಅನಂತರ ಅಂಬೆಗಾಲು, ಹಿಡಿದು ನಿಲ್ಲುವುದು. ವರ್ಷ ತುಂಬುವ ಸುಮಾರಿಗೆ ದಟ್ಟಡಿ ಮತ್ತು ತೊದಲ್ನುಡಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಕೂಸಿನ ತ್ರಿಪದಿಗಳಿಗೆ ಹಿರಿದಾದ ಸ್ಥಾನವಿರುವುದು ಸಹಜವೇ ಆಗಿದೆ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಯ ಕಣ್ಣು ತೊಟ್ಟಿಲ ಮೇಲೆಯೇ ಇದ್ದಿತು.

ಹರ್ಷವು ಹೆಚ್ಚುತ್ತ ಹೋಗುವುದೇಕೆ? ನಗುವಿನಲ್ಲಿ ಕೂಸು ನಮ್ಮನ್ನು ಗುರುತಿಸುತ್ತದೆ. ಕೈಚಾಚಿದಾಗ ನಮ್ಮನ್ನು ಆರಿಸಿಕೊಳ್ಳುತ್ತದೆ. ಅಂಬೆಗಾಲಿನಲ್ಲಿ ತಾನಾಗಿ ನಮ್ಮೆಡೆಗೆ ಬರುತ್ತದೆ. ದಟ್ಟಡಿಯಿಟ್ಟಾಗ ನಮ್ಮಿಂದ ದೂರ ಹೋಗುವುದನ್ನೂ ಕಲಿಯುತ್ತದೆ. ಆ ದೂರವನ್ನೂ ಕಂಡು ಹಿಗ್ಗುವುದೇ ತಾಯ್ತಂದೆಗಳ ದೊಡ್ಡತನ. ನಮ್ಮ ಯಮಕನಮರಡಿಗೆ ನೆರೆಯದಾದ ಗೋಕಾವಿಯ ಬಣ್ಣದ ಮರದ ಬೊಂಬೆಗಳು ನಾಡಿಗೆಲ್ಲ ಹೆಸರಾಗಿವೆ. ಆದರೆ ಎಳೆಗೂಸಿಗೆ ಹೆತ್ತವರ ಮುಖಕ್ಕಿಂತ ಮಿಗಿಲಾದ ಬೊಂಬೆಯಿಲ್ಲ. ಕೂಸು ‘ಉಂಗಾ’ ಎಂದಾಗ ಮರುನುಡಿದರೆ ಅದೇ ಭಾಷೆಯ ಮೊದಲ ಪಾಠ. ಈ ಪಾಠವನ್ನು ತಾಯಿಯೊಬ್ಬಳಿಗೇ ಬಿಡದೆ ತಂದೆಯೂ ಹೇಳತಕ್ಕದ್ದು.

ಈ ಹರ್ಷವನ್ನು ಕೆಡಿಸುವ ದೋಷಗಳು ಎರಡು. ಮೊದಲನೆಯದು ಹೋಲಿಕೆ. ‘ನೆರೆಮನೆಯ ಕೂಸು ನಡೆಯಿತು, ನಮ್ಮದೇಕೆ ನಡೆಯದು?’ ಎಂದು ಸೊಸೆಯನ್ನು ನೋಯಿಸುವ ಮನೆಗಳುಂಟು. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಯಂತೆ, ಆರೋಗ್ಯವಂತ ಶಿಶುಗಳು ಸ್ವತಂತ್ರವಾಗಿ ನಡೆಯುವ ಕಾಲವು ಸುಮಾರು 8ನೆಯ ತಿಂಗಳಿನಿಂದ 18ನೆಯ ತಿಂಗಳವರೆಗೆ ಹರಡಿದೆ. ನೂರಕ್ಕೆ ನಾಲ್ಕು ಶಿಶುಗಳು ಅಂಬೆಗಾಲಿಕ್ಕದೆಯೇ ಮುಂದಿನ ಮೆಟ್ಟಿಲಿಗೆ ಏರಿದುದೂ ಅಲ್ಲಿ ಕಂಡುಬಂದಿತು. ಒಂದೇ ಹೊಲದ ಜೋಳದ ತೆನೆಗಳೆಲ್ಲ ಒಂದೇ ದಿನ ಹಾಲುಗಾಳು ತುಂಬುವವೇ?

ಎರಡನೆಯದು ಉದಾಸೀನ. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ, ಸದ್ದಿಗೆ ಹೊರಳಿ ನೋಡದಿದ್ದರೆ, ಕಲಿತ ನುಡಿಯನ್ನು ಬಿಟ್ಟುಬಿಟ್ಟರೆ, ‘ಇದರ ಅಪ್ಪನೂ ಹೀಗೆಯೇ ಇದ್ದ’ ಎಂದು ಕಾಲ ಕಳೆಯಲಾಗದು. ಕೂಡಲೇ ವೈದ್ಯರಿಗೆ ತೋರಿಸಬೇಕು. ಕಿವಿಯ ದೋಷವು ಎಳವೆಯಲ್ಲಿಯೇ ತಿಳಿದರೆ ನುಡಿಯು ಉಳಿದೀತು. ತಡವಾದಷ್ಟೂ ಕಲಿಕೆ ಕಠಿಣವಾಗುವುದು.

ಅವಸರಪಡದೆ, ಮೈಮರೆಯದೆ ಮಗುವನ್ನು ನೋಡುವುದು ಹೆತ್ತವರ ಧರ್ಮ. ಗುರುವಿನ ಧರ್ಮವೂ ಅದೇ. ತಡವಾಗಿ ಓದು ಕಲಿಯುವ ವಿದ್ಯಾರ್ಥಿಯನ್ನು ಕಂಡಾಗ ನಮ್ಮ ಶಿಕ್ಷಕರು ದಟ್ಟಡಿಯಿಡುವ ಕೂಸನ್ನು ನೆನೆಯಲಿ. ಬಿದ್ದ ಕೂಸನ್ನು ಯಾರೂ ಅನುತ್ತೀರ್ಣವೆಂದು ಕರೆಯುವುದಿಲ್ಲ, ಕೈಗೊಟ್ಟು ಎಬ್ಬಿಸುತ್ತಾರೆ.