ಹೋಟೆಲ್ ಕಾರ್ಮಿಕರ ಕುಡಿತ: ಆಣೆಗೆ ಮುನ್ನ ವೈದ್ಯರು

ಜಾತ್ರೆಗೆ ಊರಿಗೆ ಬಂದ ಹೋಟೆಲ್ ಕಾರ್ಮಿಕ ಮಗನಿಂದ ಕುಡಿತ ಬಿಡುವ ಆಣೆ ಮಾಡಿಸುವ ತಾಯಂದಿರನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಅವರ ಸಂಕಟ ನಮಗೆ ತಿಳಿಯದ್ದಲ್ಲ. ಆದರೆ ಆ ಚಟದ ಬೇರು ಬಹುಪಾಲು ಅವನ ದಿನಚರಿಯಲ್ಲಿದೆ. ನಸುಕಿನಲ್ಲಿ ಒಲೆ ಹೊತ್ತಿಸಿ, ಮಧ್ಯಾಹ್ನ ಕೊಂಚ ಒರಗಿ, ಮತ್ತೆ ರಾತ್ರಿ 11ರವರೆಗೆ ಬೆಂಕಿಯ ಮುಂದೆ ನಿಂತ ದೇಹಕ್ಕೆ ತಕ್ಷಣ ನಿದ್ರೆ ಬಾರದು. ಮದ್ಯವು ಬೇಗ ನಿದ್ರೆ ತರಿಸುತ್ತದೆ, ನಿಜ. ಅಮಲು ಇಳಿದಂತೆ ಉಳಿದ ರಾತ್ರಿಯ ನಿದ್ರೆಯನ್ನು ಅದೇ ಕೆಡಿಸುತ್ತದೆ. ಬೆಳಗಿಗೆ ದಣಿವು ಉಳಿಯುತ್ತದೆ, ಮನಸ್ಸು ಕುಗ್ಗುತ್ತದೆ, ಮರುರಾತ್ರಿ ಇನ್ನಷ್ಟು ಬೇಕೆನಿಸುತ್ತದೆ.

ನಿತ್ಯವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಅಪಾಯವುಂಟು. ಮದ್ಯದ ಜಡತೆಗೆ ಹೊಂದಿಕೊಂಡ ಮಿದುಳು ಅದು ತಪ್ಪಿದೊಡನೆ ಕೆರಳುತ್ತದೆ. ಮೊದಲ ದಿನ ಕೈನಡುಕ, ಬೆವರು. 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ದಿಕ್ಕುಗೆಟ್ಟು, ಇಲ್ಲದ್ದನ್ನು ಕಾಣಬಹುದು. ಇದನ್ನು ಗಾಳಿ ಸೋಕಿತೆಂದು ತಿಳಿದು ತಾಯಿತ ಕಟ್ಟಿಸುತ್ತ ಕೂಡಬಾರದು. ಜೀವಕ್ಕೇ ಎರವಾಗುವ ಸ್ಥಿತಿಯದು. ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಆದ್ದರಿಂದ ಆಣೆಗೆ ಮುನ್ನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನಲ್ಲಿ ದುಡಿಯುವವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಹಗಲಿರುಳು ಕನ್ನಡದಲ್ಲೇ, ಶುಲ್ಕವಿಲ್ಲದೆ ಮಾತನಾಡಬಹುದು. ಪಾತ್ರೆ ತೊಳೆದು ಮುಗಿಸಿ ನಡುರಾತ್ರಿ ಬಿಡುವಾಗುವವರಿಗೆ ಇದೇ ಹೆಚ್ಚು ಅನುಕೂಲ.