ಅಡಕೆಯ ಕೊಳೆರೋಗ

ಕಾಯಿ ಉದುರತೊಡಗಿದ ಮೇಲೆ ಔಷಧಿ ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಪಟ್ಟಣದಲ್ಲಿದ್ದು ಊರಲ್ಲಿ ಅಡಕೆತೋಟವುಳ್ಳ ವಾಚಕರು ಇದನ್ನು ಗಮನಿಸಬೇಕು. ಕರಾವಳಿಯವರು ಮಹಾಳಿಯೆನ್ನುವ ಈ ಕೊಳೆ, ಫೈಟಾಫ್ತೊರ ಎಂಬ ಬೂಷ್ಟಿನಂಥ ಸೂಕ್ಷ್ಮಜೀವಿಯ ಕೆಲಸ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಇದನ್ನು ವಿವರಿಸಿದ್ದರು. ಅದರ ಕಣಗಳು ಮಳೆಹನಿಯೊಡನೆ ಗೊನೆಯಿಂದ ಗೊನೆಗೆ ಸಿಡಿಯುತ್ತವೆ. ಆದುದರಿಂದ ಮುಂಗಾರಿಗೆ ಮುನ್ನವೇ ಗೊನೆ ತೊಯ್ಯುವಂತೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. 40-45 ದಿನಗಳ ಬಳಿಕ, ಮಳೆ ಬಿಡುವು ಕೊಟ್ಟಾಗ, ಮತ್ತೊಮ್ಮೆ.

1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಿರಿ. ಕಬ್ಬಿಣದ ಪಾತ್ರೆ ಬೇಡ. ಹೊಳಪಿನ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸಿರಿ. ಅಂದು ಮಾಡಿದ್ದನ್ನು ಅಂದೇ ಬಳಸಿರಿ. ಉದುರಿದ ಕೊಳೆಗಾಯಿಗಳನ್ನು ಆರಿಸಿ ಸುಡಿರಿ. ಬಿಟ್ಟರೆ ರೋಗಕ್ಕೆ ಅವೇ ಬಿತ್ತನೆ.