ಆನೆ ನಿಜ, ಕಾಡು ಸುಳ್ಳು
ಕಾರಾಪುರದ ಸಾಬು ಮತ್ತು ಹಾಲಿವುಡ್ಡಿನ ನೀಲಿ ಪರದೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ಸ್ಟುಡಿಯೋ ನೋಡಲು ಬರುವ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಹವಾಮಾನ ವರದಿ ಹೇಳುವವರ ಬೆನ್ನ ಹಿಂದಿನ ನಕ್ಷೆ ಎಲ್ಲಿ?’ ನಕ್ಷೆ ಅಲ್ಲಿರುವುದೇ ಇಲ್ಲ. ಅಲ್ಲಿರುವುದು ಒಂದೇ ಬಣ್ಣದ ಪರದೆ. ನಿರೂಪಕರು ಪಕ್ಕದ ಮಾನಿಟರ್ ನೋಡಿಕೊಂಡು, ಕಾಣದ ನಕ್ಷೆಯ ಮೇಲೆ ಬೆರಳಾಡಿಸುತ್ತಾರೆ.

ಈ ಉಪಾಯ ದೂರದರ್ಶನದವರು ಕಂಡುಹಿಡಿದದ್ದಲ್ಲ. ಬಣ್ಣದ ಚಲನಚಿತ್ರದಲ್ಲಿ ಇದು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಯಾದದ್ದು 1940ರಲ್ಲಿ ಬಿಡುಗಡೆಯಾದ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ. ಅದರಲ್ಲಿ ಕಳ್ಳನಾಗಿ ನಟಿಸಿದವನು ಮೈಸೂರು ಸೀಮೆಯ ಒಬ್ಬ ಮಾವುತನ ಮಗ.

ಆನೆಲಾಯದ ಹುಡುಗ

ಹುಡುಗನ ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ. ಕಬಿನಿ ಹೊಳೆಯ ಸುತ್ತಿನ ಈ ಪ್ರದೇಶ ಆನೆಗಳಿಗೆ ಹೆಸರಾದದ್ದು. ತಂದೆ ತಾಯಿ ಇಬ್ಬರನ್ನೂ ಎಳವೆಯಲ್ಲೇ ಕಳೆದುಕೊಂಡ ಅವನು ಬೆಳೆದದ್ದು ಮೈಸೂರು ಅರಮನೆಯ ಆನೆಲಾಯದಲ್ಲಿ.

1935ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಹಿಮಪ್ರದೇಶದ ಜನರನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರದಿಂದ ಪ್ರಸಿದ್ಧರಾಗಿದ್ದ ಅವರು, ಈ ಬಾರಿ ಕಿಪ್ಲಿಂಗನ ಕಥೆಯೊಂದರ ಮಾವುತ ಬಾಲಕನಿಗಾಗಿ ಹುಡುಕುತ್ತಿದ್ದರು. ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಸಾಬು ಬಿದ್ದ. ಆಗ ಅವನಿಗೆ ಹನ್ನೊಂದರ ಆಸುಪಾಸು. ನಟನೆ ಅವನಿಗೆ ಗೊತ್ತಿರಲಿಲ್ಲ, ಆದರೆ ಆನೆ ಗೊತ್ತಿತ್ತು. ಆನೆಯ ಮೇಲೆ ಕುಳಿತ ನಟನೊಬ್ಬ ಒಳಗೊಳಗೇ ಹೆದರಿದ್ದರೆ ಕ್ಯಾಮೆರಾ ಅದನ್ನು ಹಿಡಿದುಬಿಡುತ್ತದೆ. ಸಾಬುವಿನ ಮೈಯಲ್ಲಿ ಆ ಹೆದರಿಕೆಯೇ ಇರಲಿಲ್ಲ.

ಇಲ್ಲೊಂದು ಹೆಸರಿನ ಗೊಂದಲವನ್ನೂ ಹೇಳಬೇಕು. ಎಷ್ಟೋ ಪುಸ್ತಕಗಳಲ್ಲಿ ಅವನ ಹೆಸರು ‘ಸಾಬು ದಸ್ತಗೀರ್’ ಎಂದು ಅಚ್ಚಾಗಿದೆ. ದಸ್ತಗೀರ್ ಎಂಬುದು ಅವನೊಡನೆ ಇಂಗ್ಲೆಂಡಿಗೆ ಹೋದ ಅಣ್ಣನ ಹೆಸರು. ಅಣ್ಣನ ಹೆಸರು ತಮ್ಮನಿಗೆ ಅಂಟಿ ಹಾಗೆಯೇ ಉಳಿದುಕೊಂಡಿತು.

ಅರ್ಧ ಮೈಸೂರು, ಅರ್ಧ ಇಂಗ್ಲೆಂಡ್

ಫ್ಲಾಹರ್ಟಿ ಮೈಸೂರಿನ ಕಾಡು, ಆನೆ, ಜನರನ್ನು ಮನಸೋ ಇಚ್ಛೆ ಚಿತ್ರೀಕರಿಸಿದರು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅದನ್ನು ನೋಡಿ, ಕಥೆ ಸಾಲದು ಎಂದರು. ತಮ್ಮ ಝೋಲ್ಟಾನ್ ಕೋರ್ಡಾಗೆ ಉಳಿದ ಕೆಲಸ ವಹಿಸಿ, ಸಾಬುವನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮೈಸೂರಿನ ಕಾಡನ್ನು ಮತ್ತೆ ಕಟ್ಟಲಾಯಿತು. ಕಥೆಯ ಕೆಲವು ಭಾರತೀಯ ಪಾತ್ರಗಳನ್ನು ಇಂಗ್ಲಿಷ್ ನಟರು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು ಮಾಡಿದರು.

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರವನ್ನು ಗಮನವಿಟ್ಟು ನೋಡಿದರೆ ಈ ಜೋಡಣೆ ಕಾಣುತ್ತದೆ. ಒಂದು ದೃಶ್ಯದಲ್ಲಿ ಸುಡುಬಿಸಿಲು, ಮರುದೃಶ್ಯದಲ್ಲಿ ಸ್ಟುಡಿಯೋ ದೀಪದ ಹದವಾದ ಬೆಳಕು. ಎರಡೂ ಕಡೆ ಸಹಜವಾಗಿರುವವನು ಸಾಬು. ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಝೋಲ್ಟಾನ್ ಕೋರ್ಡಾ ಇಬ್ಬರಿಗೂ ಸೇರಿ ನಿರ್ದೇಶನದ ಪ್ರಶಸ್ತಿ ಬಂತು. ಹುಡುಗ ಲೋಕಪ್ರಸಿದ್ಧನಾದ.

ನೀಲಿ ಪರದೆಯ ಗುಟ್ಟು

‘ದಿ ಥೀಫ್ ಆಫ್ ಬಾಗ್ದಾದ್’ ಇಂಗ್ಲೆಂಡಿನಲ್ಲಿ ಆರಂಭವಾಗಿ, ಎರಡನೆಯ ಮಹಾಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು. ಅದರಲ್ಲಿ ಸೀಸೆಯಿಂದ ಹೊರಬರುವ ದೈತ್ಯನಾಗಿ ನಟಿಸಿದವರು ರೆಕ್ಸ್ ಇಂಗ್ರಾಮ್. ಬೆಟ್ಟದಷ್ಟು ದೈತ್ಯ, ಅವನ ಮುಂದೆ ಬೆರಳುದ್ದದ ಸಾಬು. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಹೇಗೆ?

ಆಗಿನ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಒಂದು ಅಶ್ರಗವಿತ್ತು. ಅದು ಬೆಳಕನ್ನು ಒಡೆದು, ಕೆಂಪು, ಹಸಿರು, ನೀಲಿ ಅಂಶಗಳನ್ನು ಮೂರು ಬೇರೆ ಬೇರೆ ಕಪ್ಪು-ಬಿಳುಪು ಫಿಲಂಗಳ ಮೇಲೆ ದಾಖಲಿಸುತ್ತಿತ್ತು. ವಿಶೇಷ ಪರಿಣಾಮಗಳ ತಜ್ಞ ಲ್ಯಾರಿ ಬಟ್ಲರ್ ಇದನ್ನೇ ಬಂಡವಾಳ ಮಾಡಿಕೊಂಡರು. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿದರೆ, ನೀಲಿ ಅಂಶದ ಫಿಲಂನಲ್ಲಿ ಪರದೆ ಬೆಳ್ಳಗೆ ಬರುತ್ತದೆ, ಕೆಂಪು ಅಂಶದ ಫಿಲಂನಲ್ಲಿ ಕಪ್ಪಗೆ. ಮನುಷ್ಯನ ಚರ್ಮ ಯಾವ ಬಣ್ಣದ್ದಾದರೂ ಅದರಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಹೀಗಾಗಿ ಎರಡು ಫಿಲಂಗಳನ್ನು ಹೊಂದಿಸಿ ನಟನ ಆಕಾರದ ಕಪ್ಪು ನೆರಳುಚಿತ್ರವನ್ನು ಪಡೆಯಬಹುದು.

ಈ ನೆರಳುಚಿತ್ರ ಒಂದು ಮುಸುಕಿನಂತೆ. ಅದನ್ನಿಟ್ಟು ಹಿನ್ನೆಲೆಯನ್ನು ಮುದ್ರಿಸಿದರೆ ನಟನಿರಬೇಕಾದ ಜಾಗ ಖಾಲಿ ಉಳಿಯುತ್ತದೆ. ಫಿಲಂ ಹಿಂದಕ್ಕೆ ಸುತ್ತಿ, ವಿರುದ್ಧ ಮುಸುಕಿಟ್ಟು, ಆ ಖಾಲಿ ಜಾಗದಲ್ಲಿ ನಟನನ್ನು ಮುದ್ರಿಸುತ್ತಾರೆ. ಸೆಕೆಂಡಿಗೆ 24 ಚೌಕಟ್ಟು; ಪ್ರತಿಯೊಂದರಲ್ಲೂ ಅಂಚಿಗೆ ಅಂಚು ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ನಟನ ಸುತ್ತ ತೆಳುವಾದ ಗೆರೆ ಉಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಆ ಗೆರೆಯನ್ನು ನೀವೂ ಗುರುತಿಸಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಡು ನೀಲಿ ಬಟ್ಟೆಯ ಮುಂದೆ ಗೆಳೆಯನನ್ನು ನಿಲ್ಲಿಸಿ, ಕೆಂಪು ಜಿಲೇಟಿನ್ ಹಾಳೆಯ ಮೂಲಕ ನೋಡಿ. ಬಟ್ಟೆ ಕಪ್ಪಾಗುತ್ತದೆ, ಮುಖ ಬೆಳಗಿ ನಿಲ್ಲುತ್ತದೆ. ಬಟ್ಲರ್ ಉಪಾಯದ ಅರ್ಧ ಭಾಗ ನಿಮ್ಮ ಕೈಯಲ್ಲಿದೆ.

ಇಂದಿನ ಸ್ಟುಡಿಯೋಗಳಲ್ಲಿ ಹಸಿರು ಪರದೆಯೇ ಹೆಚ್ಚು. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೇ ಮೀಸಲಾಗಿರುವುದು ಇದಕ್ಕೊಂದು ಕಾರಣ. ಬಣ್ಣ ಬದಲಾದರೂ ತತ್ವ ಬದಲಾಗಿಲ್ಲ. ಆ ಚಿತ್ರಕ್ಕೆ ಛಾಯಾಗ್ರಹಣ, ಕಲಾ ನಿರ್ದೇಶನ ಮತ್ತು ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳು ದೊರೆತವು.

ಸೀಮೆಸುಣ್ಣದ ಹಿಮಾಲಯ

ಸಾಬು 1942ರಲ್ಲಿ ‘ಜಂಗಲ್ ಬುಕ್’ ಚಿತ್ರದ ಮೋಗ್ಲಿಯಾದರು. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿನ ವಾಯುಪಡೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಬಂದೂಕುಗಾರರಾಗಿ ದುಡಿದರು. ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಪಡೆದರು. ಇಲ್ಲಿ ಆಕಾಶವೂ ನಿಜ, ಗುಂಡೂ ನಿಜ.

ಯುದ್ಧದ ನಂತರದ ಹೆಸರಾಂತ ಚಿತ್ರ ‘ಬ್ಲ್ಯಾಕ್ ನಾರ್ಸಿಸಸ್’ (1947). ಸಾಬು ಅದರಲ್ಲಿ ರಾಜಕುಮಾರ; ಚಿತ್ರದ ಹೆಸರು ಆ ಪಾತ್ರ ಹಚ್ಚಿಕೊಳ್ಳುವ ಅತ್ತರಿನದು. ಕಥೆ ನಡೆಯುವುದು ಹಿಮಾಲಯದಲ್ಲಿ. ಚಿತ್ರತಂಡ ಹಿಮಾಲಯಕ್ಕೆ ಹೋಗಲೇ ಇಲ್ಲ. ಎಲ್ಲವೂ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋ ಮತ್ತು ಒಂದು ಉದ್ಯಾನದಲ್ಲಿ ನಡೆಯಿತು. ಕಣಿವೆಗಳನ್ನು ಗಾಜಿನ ಮೇಲೆ ಬರೆದರು. ಕೆಲವು ಹಿನ್ನೆಲೆಗಳು ದೊಡ್ಡದು ಮಾಡಿದ ಕಪ್ಪು-ಬಿಳುಪು ಛಾಯಾಚಿತ್ರಗಳು. ಅವುಗಳ ಮೇಲೆ ಬಣ್ಣದ ಸೀಮೆಸುಣ್ಣ ತೀಡಿದ್ದರು. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಆಸ್ಕರ್ ಪಡೆದರು. ಸಾಬುವಿನ ಎದುರಿನ ಭಾರತೀಯ ಹುಡುಗಿಯಾಗಿ ನಟಿಸಿದವರು ಮೈಗೆ ಕಂದು ಬಣ್ಣ ಬಳಿದ ಇಂಗ್ಲಿಷ್ ನಟಿ ಜೀನ್ ಸಿಮನ್ಸ್.

ಬದಲಾಗದ ಪಾತ್ರ

ತಂತ್ರದಿಂದ ಹಿಮಾಲಯ ಕಟ್ಟಬಲ್ಲ, ದೈತ್ಯನನ್ನು ಹಾರಿಸಬಲ್ಲ ಆ ಉದ್ಯಮಕ್ಕೆ, ಸಾಬುವನ್ನು ಕಾಡಿನ ಹುಡುಗನಲ್ಲದೆ ಬೇರೆಯಾಗಿ ಕಾಣಲು ಹೆಚ್ಚಾಗಿ ಸಾಧ್ಯವಾಗಲಿಲ್ಲ. ವಯಸ್ಸು ಏರಿತು, ಪಾತ್ರಗಳು ಏರಲಿಲ್ಲ. ಬಿಳಿಯ ನಟರು ಬಣ್ಣ ಹಚ್ಚಿಕೊಂಡು ಭಾರತೀಯರಾಗಬಹುದಿತ್ತು. ಭಾರತದ ನಟ ವೈದ್ಯನೋ ಮೇಷ್ಟರೋ ಆಗುವ ಕಥೆಗಳನ್ನು ಯಾರೂ ಬರೆಯಲಿಲ್ಲ. 1950ರ ದಶಕದಲ್ಲಿ ಅವರು ಯೂರೋಪಿನ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟದ್ದೂ ಉಂಟು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ (1957) ಚಿತ್ರದ ಬಿರ್ಜು ಪಾತ್ರಕ್ಕೆ ಅವರನ್ನು ಕರೆಸಲು ಯೋಚಿಸಿದ್ದರು. ಅದು ಕೈಗೂಡದೆ ಪಾತ್ರ ಸುನಿಲ್ ದತ್ ಪಾಲಾಯಿತು.

1960ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಸಾಬು ಹೆಸರಿನ ನಕ್ಷತ್ರ ಕೂತಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಅವರು ತೀರಿಕೊಂಡಾಗ ವಯಸ್ಸು 39.

ಕಾರಾಪುರದ ಸುತ್ತಲೂ ಕಾಲ ಬದಲಾಗಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಜಲಾಶಯದ ನೀರು ಅಲ್ಲಿನ ಕಾಡಿನ ಒಂದು ಭಾಗವನ್ನು ಮುಳುಗಿಸಿತು. ‘ಎಲಿಫೆಂಟ್ ಬಾಯ್’ ಚಿತ್ರದ ಇಂಗ್ಲೆಂಡಿನ ಸೆಟ್ಟುಗಳು ಇಂದು ನೋಡಿದರೆ ನಗೆ ಬರಿಸುತ್ತವೆ. ಮೈಸೂರಿನ ಬಿಸಿಲಿನಲ್ಲಿ ತೆಗೆದ ಆ ಹುಡುಗ, ಆ ಆನೆ ಮಾತ್ರ ಹಳತಾಗಿಲ್ಲ. ಹಳೆಯ ಚಿತ್ರ ಸಿಕ್ಕಾಗ ತಾರೆಯ ಮುಖದೊಡನೆ ಹಿನ್ನೆಲೆಯನ್ನೂ ನೋಡಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಅಂಚಿನಲ್ಲಿ ಗೆರೆ ಇದೆಯೇ, ಯಾರ ಪಾತ್ರವನ್ನು ಯಾರು ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ.